ನೂಕುವವರು ಮತ್ತು ಎತ್ತುವವರು

2011ರ ಅಕ್ಟೋಬರ್ 28ರ ಸಂಜೆ, ಆಗಿನ್ನೂ ಗುಡಗಾಂವ್ ಎಂದೇ ಕರೆಯಲಾಗುತ್ತಿದ್ದ ಗುರುಗ್ರಾಮದ ಲೀಷರ್ ವ್ಯಾಲಿ ಮೈದಾನದಲ್ಲಿ ಸಾವಿರಾರು ಮಂದಿ ಅಮೆರಿಕದ ಮೆಟಾಲಿಕಾ ತಂಡದ ಸಂಗೀತಕ್ಕಾಗಿ ಕಾದು ನಿಂತಿದ್ದರು. ತಂಡ ವೇದಿಕೆಗೆ ಬರುವ ಮುನ್ನವೇ ಮುಂಭಾಗದ ಬ್ಯಾರಿಕೇಡ್ ಜನರ ಒತ್ತಡ ತಾಳಲಾರದೆ ಹೋಯಿತು. ಸುರಕ್ಷತೆಯ ಕಾರಣ ಕೊಟ್ಟು ಕಾರ್ಯಕ್ರಮವನ್ನು ಮರುದಿನಕ್ಕೆ ಮುಂದೂಡಲಾಗಿದೆ ಎಂದು ಸಾರಲಾಯಿತು. ಕಾದು ಬಳಲಿದವರ ಸಿಟ್ಟು ಸ್ಫೋಟಿಸಿತು. ಒಂದಷ್ಟು ಜನ ವೇದಿಕೆ ಹತ್ತಿ ಬ್ಯಾನರುಗಳನ್ನು ಹರಿದರು, ಕೈಗೆ ಸಿಕ್ಕ ಸಲಕರಣೆಗಳನ್ನು ಒಡೆದರು. ಮರುದಿನ ಕಾರ್ಯಕ್ರಮ ರದ್ದೇ ಆಯಿತು. ಆಯೋಜಕರ ಕಡೆಯ ಕೆಲವರನ್ನು ಪೊಲೀಸರು ಬಂಧಿಸಿದರು. ಟೀವಿಯಲ್ಲಿ ಈ ದೃಶ್ಯಗಳನ್ನು ನೋಡಿದವರಿಗೆ ರಾಕ್ ಸಂಗೀತದ ಬಗ್ಗೆ ತಮಗಿದ್ದ ಅಭಿಪ್ರಾಯ ನಿಜವೆಂದು ಸಾಬೀತಾದಂತಾಯಿತು. ಕಪ್ಪು ಅಂಗಿ, ಉದ್ದ ಕೂದಲು, ಕಿವಿಗಡಚಿಕ್ಕುವ ಸದ್ದು. ಇಂಥವರು ಸೇರಿದ ಕಡೆ ಇನ್ನೇನು ತಾನೇ ಆದೀತು?

ಅದೇ ತಂಡ ಎರಡು ದಿನಗಳ ನಂತರ, ಅಕ್ಟೋಬರ್ 30ರ ಭಾನುವಾರ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಬೇಕಿತ್ತು. ನನ್ನ ಬಳಿ ಎರಡು ಟಿಕೆಟ್ ಇದ್ದವು. ಒಂದು ನನಗೆ, ಇನ್ನೊಂದು ಎಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗನಿಗೆ. ಶನಿವಾರ ರಾತ್ರಿ ದಾವಣಗೆರೆಯಿಂದ ಅಕ್ಕನ ಫೋನು ಬಂತು. "ನೀನೊಬ್ಬ ಬೇಕಾದರೆ ಹೋಗು, ಹುಡುಗನ್ನ ಯಾಕೆ ಕರ್ಕೊಂಡು ಹೋಗ್ತೀಯ?" ಎಂದಳು. ಆ ಮಾತನ್ನು ತಳ್ಳಿಹಾಕುವ ಧೈರ್ಯ ನನಗೂ ಇರಲಿಲ್ಲ. ಕಡೆಗೆ, ಗಲಾಟೆಯ ಸೂಚನೆ ಕಂಡ ಕೂಡಲೇ ಹೊರಟುಬರುವುದೆಂಬ ಒಪ್ಪಂದದ ಮೇಲೆ ಅನುಮತಿ ಸಿಕ್ಕಿತು. ಆದರೆ ಗಲಾಟೆ ಯಾವುದು, ಅಪಾಯ ಯಾವುದು ಎಂಬುದನ್ನು ಗುರುತಿಸುವುದು ನಾವು ಅಂದುಕೊಂಡಷ್ಟು ಸುಲಭವಲ್ಲವೆಂದು ಗೊತ್ತಾಗಲು ಆ ಮೈದಾನಕ್ಕೇ ಹೋಗಬೇಕಾಯಿತು.

ನನ್ನ ಓರಗೆಯ ಕನ್ನಡಿಗರಿಗೆ ಈ ಸಂಗೀತ ಬಂದದ್ದು ಕ್ಯಾಸೆಟ್ಟುಗಳ ಮೂಲಕ. ಮೈಸೂರಿನ ಹಾಸ್ಟೆಲಿನಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರ ಬಳಿ ಮೆಟಾಲಿಕಾದ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಇತ್ತು. ಪ್ರತಿಯ ಪ್ರತಿಯ ಪ್ರತಿಯಾಗಿ ನಮ್ಮ ಕೋಣೆ ತಲುಪುವ ಹೊತ್ತಿಗೆ ಅದರಲ್ಲಿ ಹಾಡಿನಷ್ಟೇ ಇರಚು ಸದ್ದೂ ಇರುತ್ತಿತ್ತು. ಪದಗಳು ಅರ್ಧ ಅರ್ಥವಾಗುತ್ತಿದ್ದವು. ಆದರೂ ಪರೀಕ್ಷೆಯ ಭಯ, ಊರಿನಿಂದ ಬಾರದ ಮನಿಯಾರ್ಡರು, ಮುಂದೇನೆಂಬ ದಿಗಿಲು, ಎಲ್ಲಕ್ಕೂ ಆ ಗಿಟಾರಿನ ಮೊರೆತ ಒಂದು ಬಗೆಯ ಉತ್ತರವಾಗಿ ಕೇಳಿಸುತ್ತಿತ್ತು. ಬೆಳಿಗ್ಗೆ ಎದ್ದು ಭೀಮಸೇನ ಜೋಶಿಯವರನ್ನು ಕೇಳುತ್ತಿದ್ದ ಅದೇ ಟೇಪ್ ರೆಕಾರ್ಡರಿನಲ್ಲಿ ರಾತ್ರಿ ಇದನ್ನು ಕೇಳುವುದರಲ್ಲಿ ನಮಗೆ ವಿರೋಧಾಭಾಸವೇನೂ ಕಾಣುತ್ತಿರಲಿಲ್ಲ.

ಬೆಂಗಳೂರಿಗೂ ರಾಕ್ ಸಂಗೀತಕ್ಕೂ ನಂಟು ಹಳೆಯದು. ಮದುವೆ, ವಸ್ತುಪ್ರದರ್ಶನ, ರಾಜಕೀಯ ಸಮಾವೇಶಗಳಿಗೆ ಹೆಸರಾದ ಅರಮನೆ ಮೈದಾನದಲ್ಲೇ 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಪ್ಫ್ಲರ್ ಹಾಡಿದ್ದರು. 2007ರ ಮಾರ್ಚ್ 17ರಂದು ಬ್ರಿಟನ್ನಿನ ಐರನ್ ಮೇಡನ್ ತಂಡ ಭಾರತದಲ್ಲಿ ತನ್ನ ಮೊದಲ ಕಾರ್ಯಕ್ರಮ ಕೊಟ್ಟದ್ದೂ ಇಲ್ಲಿಯೇ. ಆದ್ದರಿಂದ 1981ರಲ್ಲಿ ಹುಟ್ಟಿದ ಮೆಟಾಲಿಕಾ, ಮೂವತ್ತು ವರ್ಷಗಳ ನಂತರ ಮೊದಲ ಬಾರಿಗೆ ನಮ್ಮ ದೇಶಕ್ಕೆ ಬರುತ್ತಿರುವಾಗ ಬೆಂಗಳೂರಿಗೂ ಬರುವುದು ಸಹಜವೆಂದೇ ಎಲ್ಲರೂ ಭಾವಿಸಿದ್ದರು.

ಮಧ್ಯಾಹ್ನ ಎರಡು ಗಂಟೆಗೆ ನಾವು ಮೇಖ್ರಿ ಸರ್ಕಲ್ ಬಳಿ ಬಸ್ಸಿಳಿದಾಗಲೇ ರಸ್ತೆಯುದ್ದಕ್ಕೂ ಕಪ್ಪು ಅಂಗಿಗಳ ಸಾಲು ಕಂಡಿತು. ಚೆನ್ನೈ, ಹೈದರಾಬಾದ್, ಪುಣೆಗಳಿಂದ ಬಂದವರಿದ್ದರು. ಗುರುಗ್ರಾಮದಲ್ಲಿ ನಿರಾಶರಾಗಿ, ಸಾಲ ಮಾಡಿ ವಿಮಾನ ಹತ್ತಿ ಬಂದಿದ್ದ ಇಬ್ಬರು ಹುಡುಗರು ನಮ್ಮ ಮುಂದೆಯೇ ನಿಂತಿದ್ದರು. ಗೇಟಿನಲ್ಲಿ ತಪಾಸಣೆ ಮಾಡಿ ನೀರಿನ ಬಾಟಲಿಗಳನ್ನು ಕಿತ್ತುಕೊಂಡರು. ಒಳಗೆ ಅದೇ ನೀರಿಗೆ ಹಲವು ಪಟ್ಟು ಬೆಲೆ. ಮಳೆಗಾಲ ಇನ್ನೂ ಪೂರ್ತಿ ಹಿಂದೆಗೆದಿರಲಿಲ್ಲ. ಮೈದಾನದ ನೆಲ ಸಾವಿರಾರು ಕಾಲುಗಳ ಅಡಿಯಲ್ಲಿ ಬಹುಬೇಗ ನಾಟಿಗೆ ಹದ ಮಾಡಿದ ಗದ್ದೆಯಂತಾಯಿತು.

ಕತ್ತಲಾದ ಮೇಲೆ ಧ್ವನಿವರ್ಧಕಗಳಲ್ಲಿ ಎನಿಯೊ ಮೊರಿಕೋನೆ ರಚಿಸಿದ ಹಳೆಯ ಸಿನಿಮಾ ಸಂಗೀತವೊಂದು ಮೊಳಗಿತು. 1983ರಿಂದಲೂ ಈ ತಂಡ ವೇದಿಕೆಗೆ ಬರುವ ಮುನ್ನ ನುಡಿಸುವ ನಾಂದಿ ಅದು. ಮಾತುಗಳಿಲ್ಲದ ಆ ಧಾಟಿಯನ್ನು ಇಡೀ ಮೈದಾನ ಒಕ್ಕೊರಲಿನಿಂದ ಗುನುಗತೊಡಗಿದಾಗ ನನ್ನ ಮೈ ನವಿರೆದ್ದಿತು. ಇಪ್ಪತ್ತು ವರ್ಷ ಕಿವಿಯಲ್ಲಷ್ಟೇ ಇದ್ದ ನಾಲ್ವರು ಕಣ್ಣೆದುರು ಬಂದು ನಿಂತರು. ಮೊದಲ ಹಾಡಿನ ಮೊದಲ ಪೆಟ್ಟಿಗೇ ಹಿಂದಿದ್ದವರೆಲ್ಲ ಮುಂದಕ್ಕೆ ನುಗ್ಗಿದರು. ನಾನು ಒಂದು ಹೆಜ್ಜೆಯನ್ನೂ ಇಡದೆ ಹತ್ತು ಹೆಜ್ಜೆ ಮುಂದೆ ಹೋಗಿದ್ದೆ.

ಸ್ವಲ್ಪ ಹೊತ್ತಿನಲ್ಲಿ ನಮ್ಮ ಬಲಕ್ಕೆ ಜನ ಹಿಂದೆ ಸರಿದು ಒಂದು ವೃತ್ತ ತೆರೆದುಕೊಂಡಿತು. ಇದಕ್ಕೆ ಮಾಶ್ ಪಿಟ್ ಎನ್ನುತ್ತಾರೆ. ವೃತ್ತದೊಳಗೆ ಇಳಿದವರು ತಾಳಕ್ಕೆ ತಕ್ಕಂತೆ ಒಬ್ಬರನ್ನೊಬ್ಬರು ಭುಜದಿಂದ ಗುದ್ದುತ್ತ, ತಳ್ಳುತ್ತ, ಚಿಮ್ಮಿ ಹೋಗುತ್ತ ಆಡುವ ಆಟ. ದೂರದಿಂದ ನೋಡಿದವರು ಹೊಡೆದಾಟವೆಂದೇ ತಿಳಿದಾರು. ಅಕ್ಕನ ಮಗ ನನ್ನ ಮುಖ ನೋಡಿದ. ನಾನು ಬೇಡವೆನ್ನುವ ಮುನ್ನವೇ ಒಳಗಿದ್ದ. ಅವನನ್ನು ಹಿಡಿದು ತರಲೆಂದು ನಾನೂ ಅಂಚಿಗೆ ಹೋದೆ. ಯಾರದೋ ಭುಜ ತಾಗಿ ಕೆಸರಿನಲ್ಲಿ ಅಂಗಾತ ಬಿದ್ದೆ.

ಬಿದ್ದವನು ನೆಲ ಮುಟ್ಟಿದ್ದಷ್ಟೇ ನೆನಪು, ಮೂರು ನಾಲ್ಕು ಕೈಗಳು ರಟ್ಟೆ ಹಿಡಿದು ನನ್ನನ್ನು ಎತ್ತಿ ನಿಲ್ಲಿಸಿದ್ದವು. ಒಬ್ಬ ಬೆನ್ನು ತಟ್ಟಿ "ಆರಾಮಾ ಗುರು?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮತ್ತೆ ಗುದ್ದಾಟಕ್ಕೆ ಮರಳಿದ. ಇನ್ನೊಬ್ಬ ಕೆಸರು ಮೆತ್ತಿದ ಬೂಟೊಂದನ್ನು ತಲೆಯ ಮೇಲೆತ್ತಿ ಹಿಡಿದು ಒಡೆಯನಿಗಾಗಿ ಕೂಗುತ್ತಿದ್ದ. ಕನ್ನಡಕ ಕಳೆದುಕೊಂಡ ಹುಡುಗನೊಬ್ಬ ಮೊಣಕಾಲೂರಿ ತಡಕುತ್ತಿದ್ದಾಗ, ಅದುವರೆಗೆ ಮೈಮೇಲೆ ಬಂದವರಂತೆ ಕುಣಿಯುತ್ತಿದ್ದ ಏಳೆಂಟು ಮಂದಿ ಅವನ ಸುತ್ತ ತೋಳಿಗೆ ತೋಳು ಸೇರಿಸಿ ಗೋಡೆಯಂತೆ ನಿಂತರು. ಕನ್ನಡಕ ಸಿಕ್ಕಿತು. ಗೋಡೆ ಕರಗಿತು. "ಮಾಮ, ಇಲ್ಲಿ ರೂಲ್ ಒಂದೇ. ಬಿದ್ದೋರನ್ನ ಎತ್ತದೆ ಯಾರೂ ಮುಂದೆ ಹೋಗಲ್ಲ" ಎಂದು ಅಕ್ಕನ ಮಗ ನನ್ನ ಕಿವಿಯ ಬಳಿ ಕೂಗಿದ. ಎಲ್ಲೂ ಬರೆದಿರದ, ಯಾವ ಪೊಲೀಸರೂ ಜಾರಿಗೆ ತಾರದ ಈ ಕಟ್ಟಳೆಯನ್ನು ಅವನಿಗೆ ಕಲಿಸಿದವರು ಅವನಿಗಿಂತ ಎರಡು ಮೂರು ವರ್ಷ ದೊಡ್ಡವರಾದ ಹುಡುಗರು.

ಆ ರಾತ್ರಿ ನನಗೆ ನಿಜವಾಗಿ ಭಯವಾದದ್ದು ಈ ವೃತ್ತದಲ್ಲಿ ಅಲ್ಲವೇ ಅಲ್ಲ. ಅರ್ಧ ಕಾರ್ಯಕ್ರಮ ಕಳೆದ ಮೇಲೆ ನಾವು ಮುಂಭಾಗದ ಬ್ಯಾರಿಕೇಡಿಗೆ ಇಪ್ಪತ್ತಡಿ ದೂರದಲ್ಲಿದ್ದೆವು. ಅಲ್ಲಿ ಯಾರೂ ಕುಣಿಯುತ್ತಿರಲಿಲ್ಲ, ಯಾರೂ ಯಾರನ್ನೂ ಗುದ್ದುತ್ತಿರಲಿಲ್ಲ. ಕುಣಿಯಲು ಜಾಗವೇ ಇರಲಿಲ್ಲ. ನಾಲ್ಕೂ ಕಡೆಯಿಂದ ಮೈಗಳು ಒತ್ತಿ, ಕೈ ಎತ್ತಿದರೆ ಇಳಿಸಲಾಗದ ಸ್ಥಿತಿ. ಹಿಂದೆಲ್ಲೋ ಹುಟ್ಟಿದ ಒಂದು ಅಲೆ ನಮ್ಮನ್ನು ಎಡಕ್ಕೆ ಒಯ್ಯುತ್ತಿತ್ತು, ಇನ್ನೊಂದು ಬಲಕ್ಕೆ ತರುತ್ತಿತ್ತು. ಒಮ್ಮೆ ನನ್ನ ಪಾದಗಳು ನೆಲ ಬಿಟ್ಟು ಮೇಲೆದ್ದುದು ಅರಿವಿಗೆ ಬಂತು. ಉಸಿರು ಬಿಟ್ಟಾಗ ಎದೆ ಕುಗ್ಗಿದಷ್ಟು, ಉಸಿರೆಳೆದುಕೊಳ್ಳುವಾಗ ಹಿಗ್ಗುತ್ತಿರಲಿಲ್ಲ.

"ಕೈ ಎದೆ ಮುಂದೆ ಇಟ್ಕೊಳ್ಳಿ ಸಾರ್. ತಳ್ಳೋಕೆ ಹೋಗಬೇಡಿ, ಅಲೆ ಹಿಂದಕ್ಕೆ ಬಂದಾಗ ಓರೆಯಾಗಿ ಒಂದೊಂದೇ ಹೆಜ್ಜೆ ಹೊರಗೆ ಹೋಗಿ" ಎಂದು ಪಕ್ಕದಲ್ಲಿದ್ದ ಅಪರಿಚಿತ ಯುವಕ ಹೇಳಿಕೊಟ್ಟ. ಜನಸಂದಣಿಯ ಸುರಕ್ಷತೆ ಬಲ್ಲವರು ಕೊಡುವ ಸಲಹೆಯೂ ಇದೇ ಎಂದು ನಾನು ಓದಿ ತಿಳಿದದ್ದು ಬಹಳ ಕಾಲದ ನಂತರ. ನಮ್ಮ ಮುಂದಿದ್ದ ಹದಿನೆಂಟರ ಹುಡುಗನೊಬ್ಬನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸುತ್ತಲಿನವರು ಅವನನ್ನು ತಲೆಯ ಮೇಲಕ್ಕೆತ್ತಿ, ಕೈಯಿಂದ ಕೈಗೆ ದಾಟಿಸಿ, ಬ್ಯಾರಿಕೇಡಿನಾಚೆಯ ಕಾವಲುಗಾರರಿಗೆ ಒಪ್ಪಿಸಿದರು. ವೇದಿಕೆಯಲ್ಲಿ ಆಗ 'ನಥಿಂಗ್ ಎಲ್ಸ್ ಮ್ಯಾಟರ್ಸ್' ನಡೆಯುತ್ತಿತ್ತು. ಅಷ್ಟು ಮೃದುವಾದ ಹಾಡಿನ ನಡುವೆ ಅಷ್ಟು ದೊಡ್ಡ ಭಯ. ನಾವಿಬ್ಬರೂ ಓರೆಯಾಗಿ ಸರಿಯುತ್ತ ಹೊರಬರಲು ಎರಡು ಹಾಡುಗಳೇ ಹಿಡಿದವು. ಉಳಿದ ಕಾರ್ಯಕ್ರಮವನ್ನು ಹಿಂದೆ, ಜನ ವಿರಳವಾಗಿದ್ದ ಕಡೆ ನಿಂತು ಕೇಳಿದೆವು. ಅಲ್ಲಿಂದ ವೇದಿಕೆ ಅಂಗೈಯಗಲ ಕಾಣುತ್ತಿತ್ತು. ಸಂಗೀತ ಮಾತ್ರ ಇನ್ನೂ ಚೆನ್ನಾಗಿ ಕೇಳಿಸಿತು.

ಗದ್ದಲವಿದ್ದಲ್ಲಿ ಅಪಾಯವಿರಲಿಲ್ಲ; ಅಪಾಯವಿದ್ದಲ್ಲಿ ಗದ್ದಲವಿರಲಿಲ್ಲ. ಇದು ನನ್ನೊಬ್ಬನ ಅನುಭವದ ವಿಚಿತ್ರವೇನೂ ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಇಂಥ ಕಛೇರಿಗಳ ವಿಡಿಯೊಗಳನ್ನು ಅಭ್ಯಸಿಸಿ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮಾಶ್ ಪಿಟ್ಟಿನೊಳಗಿನ ಜನರ ಚಲನೆ ಅನಿಲದ ಕಣಗಳ ಚಲನೆಯನ್ನು ಹೋಲುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಅನಿಲದಲ್ಲಿ ಕಣಕ್ಕೂ ಕಣಕ್ಕೂ ನಡುವೆ ಜಾಗವಿರುತ್ತದೆ. ಡಿಕ್ಕಿ ಹೊಡೆದರೂ ಚಿಮ್ಮಿ ಹೋಗಬಹುದು. ಜಾಗ ಇಲ್ಲವಾದಾಗ ನಡೆಯುವುದು ಬೇರೆ. ಜನಸಂದಣಿಯ ಅಧ್ಯಯನದಲ್ಲಿ ಹೆಸರಾದ ಎಂಜಿನಿಯರ್ ಜಾನ್ ಫ್ರೂಯಿನ್ ದಶಕಗಳ ಹಿಂದೆಯೇ ಬರೆದಂತೆ, ದಟ್ಟಣೆ ಒಂದು ಮಿತಿ ದಾಟಿದಾಗ ಗುಂಪು ದ್ರವದಂತೆ ವರ್ತಿಸತೊಡಗುತ್ತದೆ, ಅದರೊಳಗೆ ಆಘಾತದ ಅಲೆಗಳು ಹರಿಯುತ್ತವೆ. ಸ್ಪೇನಿನ ಪಾಂಪ್ಲೋನಾ ನಗರದ ಉತ್ಸವದಲ್ಲಿ ಸೇರುವ ಜನರನ್ನು ಚಿತ್ರೀಕರಿಸಿ ಫ್ರಾನ್ಸಿನ ವಿಜ್ಞಾನಿಗಳು 2025ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ದಟ್ಟಣೆ ಮಿತಿಮೀರಿದರೆ ನೂರಾರು ಮಂದಿ, ಯಾರೂ ತಳ್ಳದೆಯೇ, ಒಟ್ಟಾಗಿ ತೂಗಾಡತೊಡಗುತ್ತಾರೆ. ಅದರೊಳಗೆ ಸಿಕ್ಕಿದ ವ್ಯಕ್ತಿಯ ಸಭ್ಯತೆ, ವಿದ್ಯೆ, ವಯಸ್ಸು ಯಾವುದೂ ಲೆಕ್ಕಕ್ಕಿಲ್ಲ. ಒಂದು ಚದರ ಮೀಟರಿನಲ್ಲಿ ಮೂರು ನಾಲ್ಕು ಮಂದಿ ಇದ್ದಾಗ ಮನುಷ್ಯ ಮನುಷ್ಯನೇ. ಆರೇಳು ಮಂದಿಯಾದಾಗ ಅವನು ನೀರಿನ ಒಂದು ಹನಿ.

ರಾಕ್ ಸಂಗೀತದ ಚರಿತ್ರೆಯ ಕರಾಳ ದಿನಗಳನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು. 1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ದಿ ಹೂ ತಂಡದ ಕಾರ್ಯಕ್ರಮಕ್ಕೆ ಬಂದಿದ್ದ 11 ಮಂದಿ ಕ್ರೀಡಾಂಗಣದ ಬಾಗಿಲಲ್ಲಿ ಸತ್ತರು. ಹೆಚ್ಚಿನ ಟಿಕೆಟ್ಟುಗಳಿಗೆ ಆಸನ ಸಂಖ್ಯೆ ಇರಲಿಲ್ಲ. ಮೊದಲು ಬಂದವರಿಗೆ ಮುಂದಿನ ಜಾಗ. ತೆರೆದದ್ದು ಕೆಲವೇ ಬಾಗಿಲು. ಒಳಗಿನಿಂದ ಸಂಗೀತ ಕೇಳಿಬಂದಾಗ ಕಾರ್ಯಕ್ರಮ ಶುರುವಾಯಿತೆಂದು ಹಿಂದಿದ್ದವರು ಮುಂದೆ ಸರಿದರು. ಆಗ ಪತ್ರಿಕೆಗಳು ದೂರಿದ್ದು ಹುಚ್ಚೆದ್ದ ಅಭಿಮಾನಿಗಳನ್ನು. ಆದರೆ ನಾರಿಸ್ ಜಾನ್ಸನ್ ಎಂಬ ಸಮಾಜಶಾಸ್ತ್ರಜ್ಞ ಪ್ರತ್ಯಕ್ಷದರ್ಶಿಗಳ ಹೇಳಿಕೆಗಳನ್ನು ಪರಿಶೀಲಿಸಿ 1987ರಲ್ಲಿ ಬರೆದ ಲೇಖನದಲ್ಲಿ ಬೇರೆಯೇ ಚಿತ್ರವಿದೆ. ಆ ಇಕ್ಕಟ್ಟಿನಲ್ಲೂ ಜನ ಒಬ್ಬರಿಗೊಬ್ಬರು ನೆರವಾಗಲು ಯತ್ನಿಸಿದ್ದರು. ಕಂಡವರನ್ನು ತುಳಿದು ಓಡುವ ಮೃಗೀಯ ವರ್ತನೆ ಅಲ್ಲಿ ಕಾಣಲಿಲ್ಲ. 2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡ್ ಉತ್ಸವದಲ್ಲಿ ಪರ್ಲ್ ಜಾಮ್ ತಂಡ ಹಾಡುತ್ತಿದ್ದಾಗ 9 ಯುವಕರು ಸತ್ತರು. ಹಿಂದಕ್ಕೆ ಸರಿಯಿರೆಂದು ಗಾಯಕನೇ ವೇದಿಕೆಯಿಂದ ಬೇಡಿಕೊಂಡರೂ ಹೊತ್ತು ಮೀರಿತ್ತು. ಅಲ್ಲಿನವರು ಸಂಗೀತವನ್ನು ನಿಷೇಧಿಸಲಿಲ್ಲ. ವೇದಿಕೆಯ ಮುಂದಿನ ಜಾಗವನ್ನು ವಿಭಾಗಗಳಾಗಿ ಒಡೆದು ಒಂದೊಂದರಲ್ಲೂ ಇಂತಿಷ್ಟೇ ಜನರೆಂದು ಗೊತ್ತುಮಾಡಿದರು. ಆ ಪಾಠವನ್ನು ಎಲ್ಲರೂ ಕಲಿಯಲಿಲ್ಲ. 2021ರ ನವೆಂಬರ್ 5ರಂದು ಹ್ಯೂಸ್ಟನ್ನಿನ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ 10 ಮಂದಿ ಬಲಿಯಾದರು. ಎದೆಯ ಮೇಲಿನ ಒತ್ತಡದಿಂದ ಉಸಿರುಕಟ್ಟಿ ಅವರು ಸತ್ತರೆಂದು ವೈದ್ಯರು ದಾಖಲಿಸಿದರು.

ಗುರುಗ್ರಾಮದಲ್ಲಿ ನಡೆದದ್ದನ್ನು ನಾನು ಸಮರ್ಥಿಸುತ್ತಿಲ್ಲ. ಟಿಕೆಟ್ಟಿಗೆ ಕೊಟ್ಟ ಹಣ ವೇದಿಕೆ ಒಡೆಯುವ ಹಕ್ಕನ್ನು ಕೊಡುವುದಿಲ್ಲ. ಅದು ದಾಂಧಲೆ, ಅದಕ್ಕೆ ಕಾನೂನಿದೆ. ಆದರೆ ಬ್ಯಾರಿಕೇಡ್ ಕುಸಿದದ್ದು ದಾಂಧಲೆಗೆ ಮೊದಲು ಎಂಬುದನ್ನು ನೆನಪಿಡಬೇಕು. ಗದ್ದಲ, ದಾಂಧಲೆ, ಒತ್ತಡ ಈ ಮೂರೂ ಬೇರೆ ಬೇರೆ. ಗದ್ದಲ ಸಂತೋಷದ ಒಂದು ರೂಪ. ದಾಂಧಲೆ ಸಿಟ್ಟಿನ ರೂಪ. ಒತ್ತಡವೆಂಬುದು ಯಾರ ಭಾವನೆಯೂ ಅಲ್ಲ. ಅದು ಜಾಗ, ಜನ, ಬಾಗಿಲುಗಳ ಲೆಕ್ಕ ತಪ್ಪಿದಾಗ ಹುಟ್ಟುವಂಥದು. ನಾವು ಗದ್ದಲಕ್ಕೆ ಹೆದರುತ್ತೇವೆ, ದಾಂಧಲೆಯನ್ನು ಖಂಡಿಸುತ್ತೇವೆ. ಕೊಲ್ಲುವ ಒತ್ತಡವನ್ನು ಮಾತ್ರ ಗಮನಿಸುವುದೇ ಇಲ್ಲ.

ಅಭಿಮಾನಿಗಳ ಶಿಸ್ತನ್ನು ಇಷ್ಟು ಮೆಚ್ಚಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ನನ್ನೊಡನೆ ಕೆಲಸ ಮಾಡುತ್ತಿದ್ದ ಗೆಳತಿಯೊಬ್ಬರು ನನಗಿಂತ ಹಳೆಯ ರಾಕ್ ಪ್ರೇಮಿ. ಆ ರಾತ್ರಿ ಅವರೂ ಅದೇ ಮೈದಾನದಲ್ಲಿದ್ದರು, ಆದರೆ ಕಡೆಯವರೆಗೂ ಪಕ್ಕದ ಬೇಲಿಗೆ ಬೆನ್ನು ಕೊಟ್ಟು ನಿಂತಿದ್ದರು. "ಬಿದ್ದರೆ ಎತ್ತೋಕೆ ಬರೋ ಕೈಗಳ ಜೊತೆ ಬೇರೆ ಕೈಗಳೂ ಬರುತ್ತವೆ" ಎಂದು ಅವರು ಹೇಳಿದ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಗುಂಪಿನ ಅಲಿಖಿತ ಕಟ್ಟಳೆ ಗಂಡಸರನ್ನು ಕಾಯುವಷ್ಟು ಹೆಂಗಸರನ್ನು ಕಾಯುವುದಿಲ್ಲ. ಕನ್ನಡಕ ಹುಡುಕುವವನ ಸುತ್ತ ಗೋಡೆ ಕಟ್ಟಬಲ್ಲ ಹುಡುಗರು ತಮ್ಮ ನಡುವಿನ ಇಂಥ ಕೈಗಳನ್ನು ಹಿಡಿದು ಹೊರಗೆ ಹಾಕುವುದನ್ನೂ ಕಟ್ಟಳೆಗೆ ಸೇರಿಸಿಕೊಳ್ಳುವ ತನಕ ಆ ಮೈದಾನ ಅರ್ಧ ಜನರಿಗೆ ಮಾತ್ರ ತೆರೆದಿರುತ್ತದೆ. ಅಲ್ಲಿಯವರೆಗೆ ಅದನ್ನು ಪ್ರೇಕ್ಷಕರ ಒಳ್ಳೆಯತನಕ್ಕೆ ಬಿಡದೆ ಬೆಳಕು, ಮಹಿಳಾ ಕಾವಲುಗಾರರು, ದೂರು ಕೊಡಲೊಂದು ಜಾಗ ಇವುಗಳನ್ನು ಒದಗಿಸುವುದು ಆಯೋಜಕರ ಹೊಣೆ.

ಈ ವಿಚಾರ ರಾಕ್ ಮೈದಾನಕ್ಕೆ ಮಾತ್ರ ಸೀಮಿತವಾಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯವೊಂದರ ಬಯಲು ರಂಗಮಂದಿರದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುನ್ನ, ಬಾಗಿಲಿನ ಮೆಟ್ಟಿಲುಗಳಲ್ಲಿ 4 ಮಂದಿ ಸತ್ತರು. 2025ರ ಜೂನ್ 4ರಂದು ನಮ್ಮ ಬೆಂಗಳೂರಿನಲ್ಲೇ, ಆರ್‌ಸಿಬಿ ತಂಡದ ಐಪಿಎಲ್ ಗೆಲುವನ್ನು ಸಂಭ್ರಮಿಸಲು ಬಂದವರಲ್ಲಿ 11 ಮಂದಿ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಪ್ರಾಣ ಕಳೆದುಕೊಂಡರು. ಬಹುಪಾಲು ಎಳೆಯರು. ಸುಮಾರು 35,000 ಜನ ಹಿಡಿಸುವ ಜಾಗಕ್ಕೆ ಲಕ್ಷಗಟ್ಟಲೆ ಮಂದಿ ಬಂದಿದ್ದರು. ಗಿಟಾರಿಲ್ಲ, ಕಪ್ಪು ಅಂಗಿಯಿಲ್ಲ, ಮಾಶ್ ಪಿಟ್ಟಿಲ್ಲ. ತಮ್ಮ ಊರಿನ ತಂಡ ಹದಿನೆಂಟನೆಯ ವರ್ಷದಲ್ಲಿ ಗೆದ್ದಿತೆಂದು ಕುಣಿದು ಬಂದ ಸಾಮಾನ್ಯ ಮನೆಗಳ ಮಕ್ಕಳು ಅವರು.

ಮರುದಿನದ ಸುದ್ದಿಯಲ್ಲಿ ಎಲ್ಲೆಡೆ ಒಂದೇ ಪದ: ಕಾಲ್ತುಳಿತ. ಆ ಪದವನ್ನು ಓದುವಾಗಲೆಲ್ಲ ಅರಮನೆ ಮೈದಾನದಲ್ಲಿ ನೆಲ ಬಿಟ್ಟಿದ್ದ ನನ್ನ ಪಾದಗಳು ನೆನಪಾಗುತ್ತವೆ. ಕಾಲ್ತುಳಿತ ಎಂದೊಡನೆ ಕಣ್ಣಿಗೆ ಕಟ್ಟುವುದು ಓಡುವ ಕಾಲುಗಳು, ಅವುಗಳ ಕೆಳಗೆ ಬಿದ್ದ ದೇಹ. ತುಳಿದವರು ಯಾರೋ ಇದ್ದಾರೆ, ಅವರು ಜನ. ಜನವೇ ಜನರನ್ನು ಕೊಂದರು ಎಂಬ ತೀರ್ಪು ಆ ಒಂದು ಪದದಲ್ಲೇ ಅಡಗಿದೆ. "ಜನ ಮರುಳೋ ಜಾತ್ರೆ ಮರುಳೋ" ಎಂಬ ಗಾದೆಯನ್ನು ಅದರ ಪಕ್ಕಕ್ಕಿಟ್ಟರೆ ವಿಚಾರಣೆಯೇ ಮುಗಿದಂತೆ. ಆದರೆ ಇಂಥ ದುರಂತಗಳಲ್ಲಿ ಎಷ್ಟೋ ಮಂದಿ ನಿಂತಲ್ಲೇ, ನಿಂತ ಭಂಗಿಯಲ್ಲೇ, ಉಸಿರುಕಟ್ಟಿ ಸಾಯುತ್ತಾರೆ. ಅವರನ್ನು ಒತ್ತುತ್ತಿರುವವರೂ ಅದೇ ಒತ್ತಡದ ಕೈದಿಗಳು. ಐವತ್ತು ಅಡಿ ಹಿಂದೆ ನಿಂತವನಿಗೆ ಮುಂದೇನಾಗುತ್ತಿದೆ ಎಂಬುದು ಕಾಣುವುದಿಲ್ಲ. ಅವನು ಇಡುವ ಅರ್ಧ ಹೆಜ್ಜೆ, ನೂರು ಜನರ ಅರ್ಧ ಹೆಜ್ಜೆಗಳೊಡನೆ ಕೂಡಿ, ಮುಂದಿನವನ ಎದೆಗೂಡಿನ ಮೇಲೆ ಬೀಳುತ್ತದೆ. ಅದನ್ನು ಕಾಣಬಲ್ಲವರು ಎತ್ತರದಲ್ಲಿ ನಿಂತವರು, ಕ್ಯಾಮೆರಾ ಮುಂದೆ ಕುಳಿತವರು, ಗೇಟಿನ ಕೀಲಿ ಹಿಡಿದವರು.

ನಮ್ಮ ಹಿರಿಯರಿಗೆ ಇದು ತಿಳಿಯದ ವಿದ್ಯೆಯಲ್ಲ. ಊರ ತೇರಿನ ಹಗ್ಗ ಹಿಡಿದು ಎಳೆಯುವವರು ಸಾವಿರ ಮಂದಿ. ಎಳೆಯುವವರಿಗೆ ತೇರು ಹಿಂದಿರುತ್ತದೆ, ಗಾಲಿ ಕಾಣುವುದಿಲ್ಲ. ಅದಕ್ಕೆಂದೇ ಗಾಲಿಯ ಪಕ್ಕದಲ್ಲಿ ಮರದ ದಿಮ್ಮಿ ಹಿಡಿದ ನಾಲ್ಕೈದು ಮಂದಿ ನಡೆಯುತ್ತಾರೆ. ಅವರು ದಿಮ್ಮಿಯನ್ನು ಗಾಲಿಗೆ ಅಡ್ಡ ಕೊಟ್ಟರೆಂದರೆ ಮುಗಿಯಿತು. ಮುಂದೆ ಊರ ಗೌಡರೇ ನಿಂತಿರಲಿ, ಶಾಸಕರೇ ಕಾದಿರಲಿ, ತೇರು ನಿಲ್ಲಬೇಕು. ಆ ನಾಲ್ಕೈದು ಮಂದಿಯಿಲ್ಲದೆ ತೇರು ಹೊರಡುವ ಪದ್ಧತಿಯೇ ಇಲ್ಲ. ನಮ್ಮ ಆಧುನಿಕ ಜಾತ್ರೆಗಳಲ್ಲಿ, ಅದು ರಾಕ್ ಕಛೇರಿಯಿರಲಿ ವಿಜಯೋತ್ಸವವಿರಲಿ, ಹಗ್ಗ ಎಳೆಯಿಸುವವರು ಬೇಕಾದಷ್ಟಿದ್ದಾರೆ. ದಿಮ್ಮಿ ಹಿಡಿದವರು ಯಾರು, ಅವರ ಮಾತಿಗೆ ತೇರು ನಿಲ್ಲುತ್ತದೆಯೇ ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ. ವಿಪರ್ಯಾಸವೆಂದರೆ ಗುರುಗ್ರಾಮದಲ್ಲಿ ತೇರು ನಿಂತಿತು. ಬ್ಯಾರಿಕೇಡ್ ಕುಸಿದ ಮೇಲೂ ಹಾಡಿದ್ದರೆ ಏನಾಗುತ್ತಿತ್ತೋ! ನಿಲ್ಲಿಸಿದ್ದು ಸರಿ. ಯಾಕೆ ನಿಲ್ಲಿಸಿದ್ದೆಂದು ಕಾದು ನಿಂತ ಜನರಿಗೆ ಹೊತ್ತಿಗೆ ಸರಿಯಾಗಿ, ನಂಬುವಂತೆ ತಿಳಿಸುವ ವ್ಯವಸ್ಥೆ ಮಾತ್ರ ಇರಬೇಕಿತ್ತು.

ಚಿನ್ನಸ್ವಾಮಿ ದುರಂತದ ನಂತರ 2025ರಲ್ಲಿ ರಾಜ್ಯ ಸರ್ಕಾರ ಜನಸಂದಣಿ ನಿಯಂತ್ರಣದ ಮಸೂದೆಯೊಂದನ್ನು ವಿಧಾನಸಭೆಯ ಮುಂದಿಟ್ಟಿತು. ಕಾನೂನು ಬೇಕು. ಆದರೆ ಅದರ ಹೆಸರಿನಲ್ಲಿರುವ 'ನಿಯಂತ್ರಣ' ಎಂಬ ಪದ ಮತ್ತೆ ಜನರನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸದಿರಲಿ. ಲಾಠಿ ಹಿಡಿದು ಹಿಂದೆ ಅಟ್ಟಿದರೆ ಒತ್ತಡ ಕಡಿಮೆಯಾಗುವುದಿಲ್ಲ, ದಿಕ್ಕು ಬದಲಾಯಿಸುತ್ತದೆ ಅಷ್ಟೆ. ಬೇಕಾಗಿರುವುದು ಬಹಳ ಸಾಮಾನ್ಯ ಸಂಗತಿಗಳು. ಜಾಗದ ಅಳತೆಗೆ ತಕ್ಕಷ್ಟೇ ಟಿಕೆಟ್ಟು. ಉಚಿತವಾದರೂ ಎಣಿಕೆಯಿರುವ ಪಾಸು. ಒಳಗೆ ಬಿಡಲು ತೆರೆದಷ್ಟೇ ಅಗಲವಾಗಿ ಹೊರಗೆ ಹೋಗಲೂ ಬಾಗಿಲು. ವೇದಿಕೆಯ ಮುಂದೆ ವಿಭಾಗಗಳು. ಕುಡಿಯುವ ನೀರು. ತಡವಾದರೆ, ರದ್ದಾದರೆ ಕಾರಣ ತಿಳಿಸುವ ಧ್ವನಿವರ್ಧಕ. ಒಬ್ಬ ಗೊತ್ತಾದ ಅಧಿಕಾರಿ, ಅವನು ಕೈ ಎತ್ತಿದರೆ ಹಾಡು ನಿಲ್ಲಬೇಕು. ಇವುಗಳಲ್ಲಿ ಒಂದಾದರೂ ಅಭಿಮಾನಿಯ ಸ್ವಭಾವಕ್ಕೆ ಸಂಬಂಧಿಸಿದ್ದಲ್ಲ.

ನಿಮ್ಮ ಮನೆಯ ಮಗನೋ ಮಗಳೋ ನಾಳೆ ಇಂಥದೊಂದು ಕಾರ್ಯಕ್ರಮಕ್ಕೆ ಹೊರಟು ನಿಂತರೆ, ಎಂಥ ಜನ ಬರುತ್ತಾರೋ ಎಂದು ಕಳವಳಪಡುವುದು ಸಹಜ. ಬರುವವರು ನಿಮ್ಮ ಮಕ್ಕಳಂಥವರೇ. ಅವರು ಕಿರುಚುತ್ತಾರೆ, ಗುದ್ದಾಡುತ್ತಾರೆ, ಕೆಸರು ಮೆತ್ತಿಕೊಳ್ಳುತ್ತಾರೆ. ಬಿದ್ದವರನ್ನು ಎತ್ತುವುದು ಅವರಲ್ಲಿ ಬಹಳ ಮಂದಿಗೆ ಗೊತ್ತಿದೆ. ಆದರೆ ಎತ್ತಬೇಕಾದರೆ ಬಗ್ಗಲು ಜಾಗ ಬೇಕು. ಆ ಒಂದು ಗೇಣು ಜಾಗವನ್ನು ಅವರಿಗೆ ಯಾರು ಉಳಿಸಿಟ್ಟಿದ್ದಾರೆ, ಎಷ್ಟು ಬಾಗಿಲು ತೆರೆದಿದ್ದಾರೆ ಎಂದು ಟಿಕೆಟ್ ಮಾರುವವರನ್ನು, ಅನುಮತಿ ಕೊಟ್ಟವರನ್ನು ಮುಂಚಿತವಾಗಿ ಕೇಳುವ ಅಭ್ಯಾಸ ನಮಗಿನ್ನೂ ಆಗಬೇಕಾಗಿದೆ.